ಬಿತ್ತನೆಯ ದಿನ ಹಳೆಯ ಟ್ರಾಕ್ಟರು ಚಾಲೂ ಆಗದಿದ್ದರೆ

ಹಸ್ತ ಮಳೆ ಚೆನ್ನಾಗಿ ಬಿದ್ದು ಮೂರು ದಿನವಾಗಿದೆ. ಎರೆ ಹೊಲದಲ್ಲಿ ಕಾಲಿಟ್ಟರೆ ಮಣ್ಣು ಮೆತ್ತುವುದಿಲ್ಲ. ಹಿಡಿಯಷ್ಟು ಮಣ್ಣನ್ನು ಅದುಮಿದರೆ ಉಂಡೆಯಾಗುತ್ತದೆ, ಕೆಳಗೆ ಬಿಟ್ಟರೆ ಒಡೆಯುತ್ತದೆ. ಬಿತ್ತನೆಗೆ ಇದಕ್ಕಿಂತ ಒಳ್ಳೆಯ ಹದ ಇಲ್ಲ. ಬೀಜ, ಗೊಬ್ಬರ, ಕೂರಿಗೆ ಎಲ್ಲವೂ ಸಿದ್ಧವಾಗಿವೆ. ಎರಡು ತಿಂಗಳಿನಿಂದ ನಿಂತಿದ್ದ ಹಳೆಯ ಟ್ರಾಕ್ಟರಿನ ಕೀಲಿ ತಿರುಗಿಸುತ್ತೀರಿ. ಟ್ರಾಕ್ಟರು ಚಾಲೂ ಆಗುವುದಿಲ್ಲ.

ರೈತ ಬಾಂಧವರೇ, ನಾನು ಬೇಸಾಯಶಾಸ್ತ್ರದವನು. ಯಂತ್ರ ನನ್ನ ವಿಷಯವಲ್ಲ. ಆದರೂ ಈ ಲೇಖನ ಬರೆಯಲು ಕಾರಣವಿದೆ. ಮೇಲೆ ಹೇಳಿದ್ದು ನಮ್ಮ ಸ್ವಂತ ಹೊಲದಲ್ಲೇ ನಡೆದದ್ದು. ಆ ವರ್ಷ ರಜೆಯ ಮೇಲೆ ಊರಿಗೆ ಹೋಗಿದ್ದೆ. ಮೊದಲ ದಿನ ನಮ್ಮ ಅಣ್ಣ ಮತ್ತು ನಾನು ಬ್ಯಾಟರಿ ಸಾಯುವವರೆಗೂ ಸೆಲ್ಫ್ ಹೊಡೆದೆವು. ಎರಡನೆಯ ದಿನ ಪೇಟೆಯಿಂದ ಹೊಸ ಬ್ಯಾಟರಿ ತಂದೆವು. ಎಂಜಿನ್ ಜೋರಾಗಿ ತಿರುಗಿತು, ಹಿಡಿಯಲಿಲ್ಲ. ಮೂರನೆಯ ದಿನ ಫಿಲ್ಟರುಗಳನ್ನು ಬದಲಿಸಿ, ನಾಜಲ್‌ಗಳನ್ನು ಬಿಚ್ಚಿ ಪರೀಕ್ಷೆಗೆ ಕಳುಹಿಸಿದೆವು. ನಾಲ್ಕನೆಯ ದಿನ ಸಂಜೆ, ನಾಜಲ್‌ಗಳಲ್ಲಿ ದೋಷವಿಲ್ಲ ಎಂಬ ಉತ್ತರ ಬಂತು. ಬಾಡಿಗೆಗೆ ಬೇರೆ ಟ್ರಾಕ್ಟರು ಸಿಗಲಿಲ್ಲ. ಹದ ಎಲ್ಲರ ಹೊಲಕ್ಕೂ ಒಂದೇ ದಿನ ಬರುತ್ತದೆಯಲ್ಲವೆ? ಐದನೆಯ ದಿನ ಬೆಳಿಗ್ಗೆ ನಮ್ಮೂರಿನ ವಯಸ್ಸಾದ ಚಾಲಕರೊಬ್ಬರು ಬಂದು, ಏನನ್ನೂ ಬಿಚ್ಚದೆ, ಪಂಪಿನ ಪಕ್ಕದ ಒಂದು ಸಣ್ಣ ಲಿವರನ್ನು ಬೆರಳಿನಿಂದ ತಳ್ಳಿದರು. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಸ್ಟಾಪ್ ವೈರು ಒಳಗೆ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಗುಂಡಿಯನ್ನು ಒಳಗೆ ತಳ್ಳಿದ್ದರೂ ಲಿವರು ಎಂಜಿನ್ ನಿಲ್ಲಿಸುವ ಸ್ಥಾನದಲ್ಲೇ ಉಳಿದಿತ್ತು.

ಬೆಳೆಯ ವಿಷಯದಲ್ಲಿ ನಾವು ನಿಮಗೆ ಏನು ಹೇಳುತ್ತೇವೆ? ಎಲೆ ಹಳದಿಯಾಯಿತೆಂದು ಕೂಡಲೇ ಸಿಂಪಡಿಸಬೇಡಿ, ಮೊದಲು ಕಾರಣ ತಿಳಿಯಿರಿ ಎನ್ನುತ್ತೇವೆ. ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ತುದಿಯ ಎಳೆಯ ಎಲೆ ಹಳದಿಯಾದರೆ ಕಬ್ಬಿಣದ ಕೊರತೆ ಇರಬಹುದು. ಬಣ್ಣ ಒಂದೇ, ಕಾರಣ ಬೇರೆ. ಯಂತ್ರಕ್ಕೂ ಇದೇ ನ್ಯಾಯ. ಲಕ್ಷಣ ನೋಡಿ ಒಂದೊಂದೇ ಕಾರಣವನ್ನು ತಳ್ಳಿಹಾಕುತ್ತ ಹೋದರೆ, ಅನೇಕ ದೋಷಗಳನ್ನು ಒಂದು ಗಂಟೆಯೊಳಗೆ, ಹೆಚ್ಚು ಖರ್ಚಿಲ್ಲದೆ ಕಂಡುಹಿಡಿಯಬಹುದು.

ಇಲ್ಲಿ ಹೇಳುವ ಕ್ರಮ ಹಳೆಯ ಮಾದರಿಯ ಡೀಸೆಲ್ ಪಂಪು ಇರುವ ಟ್ರಾಕ್ಟರುಗಳಿಗೆ ಸಂಬಂಧಿಸಿದ್ದು. ಹಳೆಯ ಡೀಸೆಲ್ ಜೀಪಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ. 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ. ಆ ಬಳಿಕ ಬಂದ ಅನೇಕ ಎಂಜಿನ್‌ಗಳಲ್ಲಿ ಡೀಸೆಲ್ ಪೂರೈಕೆಯನ್ನು ಎಲೆಕ್ಟ್ರಾನಿಕ್ ಸಾಧನ ನಿಯಂತ್ರಿಸುತ್ತದೆ. ಅವುಗಳ ಡೀಸೆಲ್ ಪೈಪುಗಳಲ್ಲಿ ಒತ್ತಡ ಬಹಳ ಹೆಚ್ಚು. ಅಂತಹ ಎಂಜಿನ್ನಿನ ಪೈಪಿನ ನಟ್ಟುಗಳನ್ನು ಮನೆಯಲ್ಲಿ ಸಡಿಲಿಸಲೇಬಾರದು.

ಎಂಜಿನ್ ಹಿಡಿಯಲು ಬೇಕಾದ ನಾಲ್ಕು

ಸೈಕಲ್ ಪಂಪಿನಿಂದ ಗಾಳಿ ತುಂಬುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಕಂಡಿದ್ದೀರಿ. ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. 1897ರಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿನ ಮೂಲತತ್ವ ಇದೇ. ಟ್ರಾಕ್ಟರಿನ ಎಂಜಿನ್ ತಾನು ಎಳೆದುಕೊಂಡ ಗಾಳಿಯನ್ನು ಸುಮಾರು 16ರಿಂದ 18ನೇ ಒಂದು ಭಾಗಕ್ಕೆ ಅದುಮುತ್ತದೆ. ಗಾಳಿ 500 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯುತ್ತದೆ. ಆ ಬಿಸಿ ಗಾಳಿಗೆ ನಾಜಲ್ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದಾಗ ಅದು ತಾನೇ ಹೊತ್ತಿಕೊಳ್ಳುತ್ತದೆ.

ಆದ್ದರಿಂದ ಎಂಜಿನ್ ಹಿಡಿಯಲು ನಾಲ್ಕು ಸಂಗತಿಗಳು ಬೇಕು: ಸಾಕಷ್ಟು ವೇಗದ ತಿರುಗುವಿಕೆ, ಡೀಸೆಲ್, ಗಾಳಿ ಮತ್ತು ಒಳಗಿನ ಒತ್ತಡ. ದೋಷ ಈ ನಾಲ್ಕರಲ್ಲಿ ಎಲ್ಲಿದೆ ಎಂದು ತಿಳಿಯುವುದೇ ನಿಮ್ಮ ಕೆಲಸ. ಸುಲಭವಾದದ್ದನ್ನು ಮೊದಲು ನೋಡಿ. ಬಿಚ್ಚಬೇಕಾದದ್ದನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲ ಐದು ನಿಮಿಷ: ಸ್ಪ್ಯಾನರು ಮುಟ್ಟಬೇಡಿ

1. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ? ಮುಳ್ಳನ್ನು ನಂಬದೆ, ಸ್ವಚ್ಛವಾದ ಕಡ್ಡಿ ಇಳಿಸಿ ನೋಡಿ. ಟ್ಯಾಂಕಿನ ಕೆಳಗಿನ ನಲ್ಲಿ ತೆರೆದಿದೆಯೇ?

2. ಸ್ಟಾಪ್ ಗುಂಡಿಯನ್ನು ಎಳೆದು ಒಳಗೆ ತಳ್ಳಿ. ಅದೇ ವೇಳೆಗೆ ಇನ್ನೊಬ್ಬರು ಪಂಪಿನ ಪಕ್ಕ ನಿಂತು ಲಿವರು ಪೂರ್ತಿ ಹಿಂದಕ್ಕೂ ಮುಂದಕ್ಕೂ ಚಲಿಸುವುದೇ ನೋಡಲಿ. ನಮ್ಮ ಐದು ದಿನ ಹೋದದ್ದು ಇಲ್ಲಿಯೇ.

3. ಗೇರು ನ್ಯೂಟ್ರಲ್‌ನಲ್ಲಿ ಇರಲಿ. ಅನೇಕ ಟ್ರಾಕ್ಟರುಗಳಲ್ಲಿ ಕ್ಲಚ್ ಒತ್ತದಿದ್ದರೆ ಅಥವಾ ಗೇರಿನಲ್ಲಿದ್ದರೆ ಸೆಲ್ಫಿಗೆ ವಿದ್ಯುತ್ ಹೋಗದಂತೆ ಒಂದು ಸುರಕ್ಷಾ ಸ್ವಿಚ್ಚು ಇರುತ್ತದೆ. ಅದರ ವೈರು ಕಳಚಿದ್ದರೂ ಸೆಲ್ಫ್ ತಿರುಗದು.

4. ಫ್ಯೂಸು ಸುಟ್ಟಿದೆಯೇ? ಇಲಿ ವೈರು ಕಡಿದಿದೆಯೇ? ಬಹಳ ದಿನ ನಿಂತ ಟ್ರಾಕ್ಟರಿನಲ್ಲಿ ಇದನ್ನು ನೋಡದೆ ಮುಂದೆ ಹೋಗಬೇಡಿ.

ಸೆಲ್ಫ್ ತಿರುಗದಿದ್ದರೆ ಅಥವಾ ನಿಧಾನವಾಗಿ ತಿರುಗಿದರೆ

ಹೆಡ್‌ಲೈಟು ಹಾಕಿ ಕೀಲಿ ತಿರುಗಿಸಿ. ದೀಪ ಪೂರ್ತಿ ಆರಿಹೋದರೆ ಬ್ಯಾಟರಿ ಬರಿದಾಗಿದೆ, ಇಲ್ಲವೆ ಟರ್ಮಿನಲ್ ಸಡಿಲವಾಗಿದೆ. ದೀಪ ಸ್ವಲ್ಪವೂ ಮಂಕಾಗದೆ ಉರಿಯುತ್ತಿದ್ದು ಸೆಲ್ಫ್ ಸುಮ್ಮನಿದ್ದರೆ ವಿದ್ಯುತ್ ಸೆಲ್ಫಿನವರೆಗೆ ಹೋಗುತ್ತಿಲ್ಲ. ಸ್ವಿಚ್ಚು, ಸುರಕ್ಷಾ ಸ್ವಿಚ್ಚು, ಸಾಲಿನಾಯ್ಡ್ ಇವುಗಳಲ್ಲಿ ಹುಡುಕಬೇಕು. ಟಕಟಕ ಎಂದು ಬೇಗಬೇಗನೆ ಸದ್ದಾದರೆ ಹೆಚ್ಚಾಗಿ ಬ್ಯಾಟರಿ ದುರ್ಬಲ. 'ಟಕ್' ಎಂದು ಒಂದೇ ಸಲ ಗಟ್ಟಿಯಾಗಿ ಸದ್ದಾಗಿ ನಿಂತರೆ ಸಾಲಿನಾಯ್ಡ್ ಅಥವಾ ಸೆಲ್ಫ್ ಮೋಟಾರು ಸಂಶಯಾಸ್ಪದ. ಮೋಟಾರು ಗುಂಯ್ ಎಂದು ತಿರುಗಿಯೂ ಎಂಜಿನ್ ಅಲುಗದಿದ್ದರೆ ಸೆಲ್ಫಿನ ಹಲ್ಲು ಕಚ್ಚುತ್ತಿಲ್ಲ.

ಹೊಸ ಬ್ಯಾಟರಿ ಕೊಳ್ಳುವ ಮೊದಲು ಟರ್ಮಿನಲ್‌ಗಳನ್ನು ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ವಿದ್ಯುತ್ ಸರಿಯಾಗಿ ಹರಿಯದು. ಮೊದಲು ಅರ್ಥ್ ಕಡೆಯ ವೈರನ್ನು ಕಳಚಿ, ಆಮೇಲೆ ಇನ್ನೊಂದನ್ನು. ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆಯಿರಿ. ಈ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಹೊಳಪು ಬರುವಂತೆ ಉಜ್ಜಿ, ಬಿಗಿಯಾಗಿ ಕೂಡಿಸಿ, ಮೇಲೆ ವ್ಯಾಸಲೀನ್ ಹಚ್ಚಿ. ಕೂಡಿಸುವಾಗ ಅರ್ಥ್ ವೈರು ಕೊನೆಗೆ. ಅರ್ಥ್ ವೈರಿನ ಇನ್ನೊಂದು ತುದಿ ಟ್ರಾಕ್ಟರಿನ ಮೈಗೆ ಸೇರುವ ಜಾಗದಲ್ಲಿ ಬಣ್ಣ, ತುಕ್ಕು ಇರಬಾರದು. ಬ್ಯಾಟರಿಯ ಹತ್ತಿರ ಬೀಡಿ, ಬೆಂಕಿ ಸಲ್ಲದು; ಅದರಿಂದ ಹೊರಡುವ ಜಲಜನಕ ಅನಿಲ ಸಿಡಿಯಬಲ್ಲದು.

ವೋಲ್ಟ್ ಅಳೆಯುವ ಮೀಟರು ಇದ್ದರೆ ಇನ್ನೂ ಒಳ್ಳೆಯದು. ಕೆಲವು ಗಂಟೆ ಸುಮ್ಮನೆ ಬಿಟ್ಟ 12 ವೋಲ್ಟಿನ ಬ್ಯಾಟರಿಯಲ್ಲಿ 12.6ರ ಆಸುಪಾಸು ತೋರಿಸಿದರೆ ಅದು ತುಂಬಿದೆ, 12.2 ತೋರಿಸಿದರೆ ಸುಮಾರು ಅರ್ಧ, 11.9ಕ್ಕಿಂತ ಕೆಳಗಾದರೆ ಬಹುತೇಕ ಬರಿದು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ತುಂಬಿದ ಬ್ಯಾಟರಿಯೂ ಹೀಗೆ ಕುಸಿದರೆ ಅದರ ಆಯುಸ್ಸು ಮುಗಿದಿರುವ ಸಂಭವ ಹೆಚ್ಚು.

ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ನಡುವೆ ಒಂದು ನಿಮಿಷ ಬಿಡುವು ಕೊಡಿ. ಮೂರು ಸಲಕ್ಕೆ ಹಿಡಿಯದಿದ್ದರೆ ನಿಲ್ಲಿಸಿ, ಕಾರಣ ಹುಡುಕಿ. ಸತತವಾಗಿ ಹೊಡೆದರೆ ಇದ್ದ ಒಂದು ದೋಷದ ಜೊತೆಗೆ ಬ್ಯಾಟರಿ ಬರಿದಾಗುವುದು, ಸೆಲ್ಫ್ ಸುಡುವುದು ಎಂಬ ಇನ್ನೆರಡು ಸೇರುತ್ತವೆ.

ಚೆನ್ನಾಗಿ ತಿರುಗಿಯೂ ಹಿಡಿಯದಿದ್ದರೆ: ಹೊಗೆ ನೋಡಿ

ಎಂಜಿನ್ ಚುರುಕಾಗಿ ತಿರುಗುತ್ತಿದ್ದರೆ ಬ್ಯಾಟರಿಯನ್ನು ಮರೆತುಬಿಡಿ. ಈಗ ಒಬ್ಬರು ಕೀಲಿ ತಿರುಗಿಸಲಿ, ಇನ್ನೊಬ್ಬರು ಸೈಲೆನ್ಸರಿನ ಬಾಯನ್ನು ನೋಡಲಿ.

ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಒಳಗೆ ಸೇರುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಸೇರುತ್ತಿದೆ, ಆದರೆ ಹೊತ್ತುತ್ತಿಲ್ಲ. ತಿರುಗುವ ವೇಗ ಸಾಲದು, ಡೀಸೆಲಿನಲ್ಲಿ ನೀರಿದೆ, ಒತ್ತಡ ಕಡಿಮೆಯಾಗಿದೆ ಅಥವಾ ಪಂಪಿನ ಟೈಮಿಂಗ್ ತಪ್ಪಿದೆ. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಬಿಳಿ ಹೊಗೆ ಸಹಜ. ಹೀಟರ್ ಇರುವ ಮಾದರಿಯಾದರೆ ಅದನ್ನು ಮೊದಲು ಬಳಸಿ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು.

ಈ ಒಂದು ಪರೀಕ್ಷೆಯನ್ನು ನಾವು ಮೊದಲ ದಿನವೇ ಮಾಡಿದ್ದರೆ ಹೊಸ ಬ್ಯಾಟರಿಯ ಹಣ ಉಳಿಯುತ್ತಿತ್ತು. ನಮ್ಮ ಟ್ರಾಕ್ಟರು ಚುರುಕಾಗಿಯೇ ತಿರುಗುತ್ತಿತ್ತು. ಹೊಗೆ ಮಾತ್ರ ಇರಲಿಲ್ಲ. ನಾವು ಸದ್ದನ್ನು ಕೇಳಿದೆವು, ಹೊಗೆಯನ್ನು ನೋಡಲಿಲ್ಲ.

ಡೀಸೆಲ್ ಎಲ್ಲಿ ನಿಂತಿದೆ?

ಕಾಲುವೆಯ ನೀರು ಹೊಲಕ್ಕೆ ಬರದಿದ್ದರೆ ನೀವು ತೂಬಿನಿಂದ ಹಿಡಿದು ನಡೆಯುತ್ತ ಬರುತ್ತೀರಿ. ಡೀಸೆಲಿಗೂ ಹಾಗೆಯೇ ಟ್ಯಾಂಕು, ನಲ್ಲಿ, ಫೀಡ್ ಪಂಪು, ಫಿಲ್ಟರುಗಳು, ದೊಡ್ಡ ಪಂಪು, ನಾಜಲ್ ಎಂಬ ಕ್ರಮದಲ್ಲಿ ನಡೆಯಿರಿ. ಯಾವ ಹಂತದವರೆಗೆ ಬಂದಿದೆ, ಎಲ್ಲಿಂದ ಮುಂದೆ ಬಂದಿಲ್ಲ ಎಂದು ತಿಳಿದರೆ ದೋಷ ಆ ಎರಡರ ನಡುವೆ ಇದೆ.

ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ಅದು ಧೂಳಿನಿಂದ ಮುಚ್ಚಿದರೆ ಡೀಸೆಲ್ ಇಳಿಯದು. ಮುಚ್ಚಳ ಸಡಿಲಿಸಿದ ಕೂಡಲೇ ಎಂಜಿನ್ ಹಿಡಿದರೆ ದೋಷ ಅಲ್ಲಿಯೇ. ಫಿಲ್ಟರಿನ ತಳದ ಬಟ್ಟಲಲ್ಲಿ ನೀರು ಕಂಡರೆ ಅದನ್ನು ಹೊರಬಿಡಿ. ಡೀಸೆಲಿಗಿಂತ ಭಾರವಾದ್ದರಿಂದ ನೀರು ಕೆಳಗೆ ನಿಲ್ಲುತ್ತದೆ.

ಟ್ಯಾಂಕು ಒಮ್ಮೆ ಬರಿದಾದರೆ, ಫಿಲ್ಟರು ಬದಲಿಸಿದರೆ, ಎಲ್ಲಾದರೂ ಪೈಪು ಸಡಿಲವಾದರೆ ಒಳಗೆ ಗಾಳಿ ಸೇರಿಕೊಳ್ಳುತ್ತದೆ. ಇದನ್ನೇ 'ಏರ್ ಹಿಡಿದಿದೆ' ಎನ್ನುತ್ತೇವೆ. ಪಂಪು ಗಾಳಿಯನ್ನು ಅದುಮುತ್ತದೆಯೇ ಹೊರತು ನಾಜಲ್‌ಗೆ ಡೀಸೆಲ್ ತಳ್ಳಲಾರದು. ಏರ್ ತೆಗೆಯುವ ಕ್ರಮ ಹೀಗಿದೆ:

1. ಟ್ಯಾಂಕು ಅರ್ಧಕ್ಕಿಂತ ಹೆಚ್ಚು ತುಂಬಿರಲಿ. ಸ್ಕ್ರೂಗಳ ಸುತ್ತ ಧೂಳು ಒರೆಸಿ. ಗೇರು ನ್ಯೂಟ್ರಲ್‌ನಲ್ಲಿದ್ದು ಬ್ರೇಕು ಹಾಕಿರಲಿ.

2. ಮೊದಲ ಫಿಲ್ಟರಿನ ಮೇಲಿನ ಏರ್ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಫೀಡ್ ಪಂಪಿನ ಕೈ ಲಿವರನ್ನು ಒತ್ತುತ್ತಿರಿ. ಮೊದಲು ಗುಳ್ಳೆ, ನೊರೆ ಬರುತ್ತದೆ. ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ.

3. ಕೈ ಲಿವರು ಸಡಿಲವಾಗಿದ್ದು ಒತ್ತಡವೇ ಸಿಗದಿದ್ದರೆ ಫೀಡ್ ಪಂಪು ಕೆಟ್ಟಿದೆ ಎನ್ನಬೇಡಿ. ಒಳಗಿನ ಕ್ಯಾಮ್ ಎತ್ತರದಲ್ಲಿ ನಿಂತಿರಬಹುದು. ಸೆಲ್ಫನ್ನು ಕ್ಷಣಮಾತ್ರ ಹೊಡೆದು ಎಂಜಿನ್ನಿನ ಸ್ಥಾನ ಬದಲಿಸಿ, ಮತ್ತೆ ಒತ್ತಿ ನೋಡಿ.

4. ಎರಡನೆಯ ಫಿಲ್ಟರಿನಲ್ಲಿ, ಆಮೇಲೆ ದೊಡ್ಡ ಪಂಪಿನ ಏರ್ ಸ್ಕ್ರೂಗಳಲ್ಲಿ ಇದನ್ನೇ ಮಾಡಿ.

5. ಸ್ಟಾಪ್ ಲಿವರು ಓಡುವ ಸ್ಥಾನದಲ್ಲಿದೆಯೆಂದು ಖಾತ್ರಿ ಮಾಡಿಕೊಂಡು, ಆಕ್ಸಿಲರೇಟರನ್ನು ಪೂರ್ತಿ ತೆರೆಯಿರಿ. ನಾಜಲ್ ಕಡೆಯ ಪೈಪಿನ ಎರಡು ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಡೀಸೆಲ್ ತಡೆತಡೆದು ಚಿಮ್ಮತೊಡಗಿದ ಮೇಲೆ ನಿಲ್ಲಿಸಿ, ನಟ್ಟು ಬಿಗಿಯಿರಿ.

ಈಗ ಎಂಜಿನ್ ಹಿಡಿಯಬೇಕು. ಫಿಲ್ಟರಿನಲ್ಲಿ ಧಾರೆಯಾಗಿ ಬಂದ ಡೀಸೆಲ್ ನಾಜಲ್ ಪೈಪಿನಲ್ಲಿ ಸ್ವಲ್ಪವೂ ಬರದಿದ್ದರೆ, ಪಂಪು ಬಿಚ್ಚುವ ಮೊದಲು ಸ್ಟಾಪ್ ಲಿವರನ್ನು ಇನ್ನೊಮ್ಮೆ ಕೈಯಿಂದಲೇ ತಳ್ಳಿ ನೋಡಿ. ಅದೂ ಸರಿಯಿದ್ದರೆ ಮಾತ್ರ ಪಂಪಿನ ಪರೀಕ್ಷೆ. ಆ ಕೆಲಸಕ್ಕೆ ವಿಶೇಷ ಉಪಕರಣ ಬೇಕು, ಅದು ನುರಿತವರಿಗೇ ಸೇರಿದ್ದು. ಏರ್ ತೆಗೆದ ಮೇಲೂ ದಿನಾ ಏರ್ ಹಿಡಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ಹಳೆಯ ತಾಮ್ರದ ವಾಷರುಗಳನ್ನೂ ಬಿರುಕು ಬಿಟ್ಟ ರಬ್ಬರು ಪೈಪನ್ನೂ ಬದಲಿಸಿ.

ಒಂದು ಎಚ್ಚರಿಕೆ: ನಾಜಲ್‌ನಿಂದ ಚಿಮ್ಮುವ ಡೀಸೆಲಿನ ಒತ್ತಡ ಚರ್ಮವನ್ನು ತೂರಿ ಒಳಹೋಗುವಷ್ಟಿರುತ್ತದೆ. ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ. ರಟ್ಟಿನ ತುಂಡು ಹಿಡಿದು ನೋಡಿ. ಚರ್ಮದೊಳಗೆ ಡೀಸೆಲ್ ಹೋದರೆ ಗಾಯ ಸೂಜಿಮೊನೆಯಷ್ಟು ಕಂಡರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ, ನಡೆದದ್ದನ್ನು ವೈದ್ಯರಿಗೆ ಹೇಳಿ.

ಗಾಳಿ ಮತ್ತು ಒತ್ತಡ

ನಿಂತ ಟ್ರಾಕ್ಟರಿನ ಗಾಳಿ ಕೊಳವೆಯಲ್ಲಿ ಇಲಿ ಗೂಡು ಮಾಡಬಹುದು. ಸೈಲೆನ್ಸರಿನೊಳಗೆ ಕಡಜ ಮಣ್ಣಿನ ಗೂಡು ಕಟ್ಟಬಹುದು. ಎರಡನ್ನೂ ನೋಡಿ. ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಆದರೆ ಎಣ್ಣೆ ಗುರುತಿನವರೆಗೆ ಮಾತ್ರ ಇರಬೇಕು. ಹೆಚ್ಚಾದರೆ ಎಂಜಿನ್ ಅದನ್ನು ಒಳಗೆಳೆದುಕೊಳ್ಳುತ್ತದೆ, ಕೆಸರಾದರೆ ಗಾಳಿ ಸಾಗದು.

ಇವೆಲ್ಲ ಸರಿಯಿದ್ದೂ ಬಿಳಿ ಹೊಗೆ ಬರುತ್ತ ಎಂಜಿನ್ ಹಿಡಿಯದಿದ್ದರೆ ಒಳಗಿನ ಒತ್ತಡದ ಮೇಲೆ ಸಂಶಯಪಡಿ. ಆರೋಗ್ಯವಂತ ಎಂಜಿನ್ ಸೆಲ್ಫಿಗೆ ತಡೆತಡೆದು ತಿರುಗುತ್ತದೆ. ತಡೆಯೇ ಇಲ್ಲದೆ ಹಗುರವಾಗಿ ತಿರುಗಿದರೆ ರಿಂಗು ಅಥವಾ ವಾಲ್ವು ಸವೆದಿರಬೇಕು. ಕೆಲವು ತಿಂಗಳಿನಿಂದ ಎಂಜಿನ್ ಆಯಿಲ್ ಹೆಚ್ಚು ಖರ್ಚಾಗುತ್ತಿದ್ದರೆ, ಇಳಿಜಾರಿನಲ್ಲಿ ತಳ್ಳಿದರೆ ಮಾತ್ರ ಹಿಡಿಯುತ್ತಿದ್ದರೆ ಅದೂ ಇದರ ಸೂಚನೆಯೇ. ಇದು ಬಿತ್ತನೆಯ ದಿನ ಸರಿಯಾಗುವ ದೋಷವಲ್ಲ. ಆ ದಿನವೇ ಬೇರೆ ವ್ಯವಸ್ಥೆ ಮಾಡಿಕೊಂಡು, ಸುಗ್ಗಿ ಮುಗಿದ ಮೇಲೆ ಎಂಜಿನ್ ಬಿಚ್ಚಿಸಿ.

ಪೆಟ್ರೋಲಿನ ಹಳೆಯ ಜೀಪು, ಕಾರು

ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಕೊಡುವುದು ಪ್ಲಗ್ಗಿನ ಕಿಡಿ. ಆದ್ದರಿಂದ ಅಲ್ಲಿ ಪೆಟ್ರೋಲ್ ಬರುತ್ತಿದೆಯೇ, ಕಿಡಿ ಬರುತ್ತಿದೆಯೇ ಎಂದು ಕೇಳಬೇಕು. ಪ್ಲಗ್ಗು ಬಿಚ್ಚಿದಾಗ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ದುರ್ಬಲ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕಟ್ಟಿದರೂ ಕಿಡಿ ಹಾರದು. ಒಣಬಟ್ಟೆಯಿಂದ ಒರೆಸಿ, ಪಾಯಿಂಟು ಸ್ವಚ್ಛ ಮಾಡಿ ನೋಡಿ.

ಮಾಡಲೇಬಾರದ ಮೂರು ಕೆಲಸಗಳು

ಒಂದು: ಕೆಳಗೆ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫಿನ ಎರಡು ತುದಿಗಳನ್ನು ಕೂಡಿಸಿ ಚಾಲೂ ಮಾಡುವುದು. ಹೀಗೆ ಮಾಡಿದಾಗ ಸುರಕ್ಷಾ ಸ್ವಿಚ್ಚು ಕೆಲಸ ಮಾಡುವುದಿಲ್ಲ. ಗೇರಿನಲ್ಲಿದ್ದರೆ ಟ್ರಾಕ್ಟರು ತಟ್ಟನೆ ಮುಂದೆ ಹೋಗುತ್ತದೆ, ದೊಡ್ಡ ಚಕ್ರದ ಮುಂದೆ ನಿಂತಿರುವವರು ನೀವೇ. ಹೀಗೆ ಪ್ರಾಣ ಕಳೆದುಕೊಂಡ ರೈತರಿದ್ದಾರೆ.

ಎರಡು: ಏರ್ ಕ್ಲೀನರಿಗೆ ಪೆಟ್ರೋಲ್ ಸುರಿಯುವುದು ಅಥವಾ ಉರಿಯುವ ಬಟ್ಟೆ ಹಿಡಿಯುವುದು. ಬೆಂಕಿ ಹಿಂದಕ್ಕೆ ಚಿಮ್ಮಬಹುದು, ಪಿಸ್ಟನ್ ಒಡೆಯಬಹುದು.

ಮೂರು: ಒಂದೇ ಸಲಕ್ಕೆ ಹತ್ತು ಕಡೆ ಬಿಚ್ಚುವುದು. ಒಂದನ್ನು ಸರಿಪಡಿಸಿ, ಚಾಲೂ ಮಾಡಿ ನೋಡಿ, ಆಮೇಲೆ ಮುಂದಿನದು. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು, ಹೊಸ ದೋಷ ಸೇರಿದ್ದೂ ತಿಳಿಯದು.

ಹದಕ್ಕೆ ಮೊದಲೇ ಪರೀಕ್ಷೆ

ಬೀಜದ ಮೊಳಕೆಯನ್ನು ಬಿತ್ತನೆಗೆ ಮೊದಲೇ ಪರೀಕ್ಷಿಸುತ್ತೀರಿ. ಟ್ರಾಕ್ಟರಿಗೂ ಬಿತ್ತನೆಗೆ 15 ದಿನ ಮೊದಲೇ ಒಂದು ಪರೀಕ್ಷೆ ಇಟ್ಟುಕೊಳ್ಳಿ. ನಿಂತ ಟ್ರಾಕ್ಟರನ್ನು ಎರಡು ವಾರಕ್ಕೊಮ್ಮೆ ಚಾಲೂ ಮಾಡಿ, ಎಂಜಿನ್ ಬಿಸಿಯಾಗುವವರೆಗೆ ಅರ್ಧ ಗಂಟೆ ಓಡಿಸಿ. ಹೆಚ್ಚು ಕಾಲ ನಿಲ್ಲಿಸುವುದಾದರೆ ಬ್ಯಾಟರಿಯ ಅರ್ಥ್ ವೈರು ಕಳಚಿಡಿ, ತಿಂಗಳಿಗೊಮ್ಮೆ ಚಾರ್ಜು ಮಾಡಿಸಿ, ಬಟ್ಟಿ ಇಳಿಸಿದ ನೀರನ್ನೇ ಹಾಕಿ. ಕೆಲಸ ಮುಗಿದ ಸಂಜೆ ಟ್ಯಾಂಕು ತುಂಬಿಸಿಡಿ. ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ನೀರಾಗಿ ಇಳಿಯುತ್ತದೆ. ಸೈಲೆನ್ಸರಿನ ಬಾಯಿಗೆ ಡಬ್ಬಿ ಮುಚ್ಚಿ. ಚಾಲೂ ಮಾಡುವ ಮೊದಲು ಮರೆಯದೆ ತೆಗೆಯಿರಿ. ಸ್ಟಾಪ್ ವೈರಿಗೆ ನಾಲ್ಕು ಹನಿ ಎಣ್ಣೆ ಬಿಡಿ. ಒಂದು ಜೊತೆ ಫಿಲ್ಟರು, ತಾಮ್ರದ ವಾಷರು, ಫ್ಯೂಸು, ಅಳತೆಗೆ ಸರಿಯಾದ ಸ್ಪ್ಯಾನರುಗಳು ಮನೆಯಲ್ಲಿರಲಿ.

ಗೋಡೆಗೆ ಅಂಟಿಸಿಕೊಳ್ಳಲು

ಸೆಲ್ಫ್ ಸುಮ್ಮನಿದೆ, ದೀಪ ಆರುತ್ತದೆ: ಟರ್ಮಿನಲ್, ಬ್ಯಾಟರಿ.
ಸೆಲ್ಫ್ ಸುಮ್ಮನಿದೆ, ದೀಪ ಪ್ರಖರವಾಗಿದೆ: ಗೇರು, ಕ್ಲಚ್ ಸ್ವಿಚ್ಚು, ಫ್ಯೂಸು, ಸಾಲಿನಾಯ್ಡ್.
ನಿಧಾನ ತಿರುಗುತ್ತದೆ: ಬ್ಯಾಟರಿ, ಅರ್ಥ್ ವೈರು.
ಚುರುಕಾಗಿ ತಿರುಗುತ್ತದೆ, ಹೊಗೆ ಇಲ್ಲ: ಸ್ಟಾಪ್ ಲಿವರು, ನಲ್ಲಿ, ಮುಚ್ಚಳದ ರಂಧ್ರ, ಫಿಲ್ಟರು, ಏರ್.
ಬಿಳಿ ಹೊಗೆ: ನೀರು ಸೇರಿದ ಡೀಸೆಲ್, ನಿಧಾನ ವೇಗ, ಟೈಮಿಂಗ್, ಒತ್ತಡ.
ಕಪ್ಪು ಹೊಗೆ: ಏರ್ ಕ್ಲೀನರ್, ಗಾಳಿ ಕೊಳವೆ.

ಕೊನೆಯದಾಗಿ, ನಮ್ಮ ಹೊಲದ ಮಾತು. ಐದನೆಯ ದಿನ ಬಿತ್ತಿದೆವು. ಅಷ್ಟರಲ್ಲಿ ಮೇಲ್ಮಣ್ಣು ಒಣಗಿತ್ತು. ಕೂರಿಗೆಯನ್ನು ಆಳಕ್ಕೆ ಇಳಿಸಿದರೂ ಬೀಜ ಎಲ್ಲ ಕಡೆಯೂ ತೇವಕ್ಕೆ ಮುಟ್ಟಲಿಲ್ಲ. ಹಿಂಗಾರಿ ಜೋಳ ನೆಲದಲ್ಲಿ ಉಳಿದ ತೇವದ ಮೇಲೆಯೇ ಬೆಳೆಯತಕ್ಕ ಬೆಳೆ. ಆಮೇಲೆ ಮಳೆಯೂ ಬರಲಿಲ್ಲ. ಪಕ್ಕದ ಹೊಲದಲ್ಲಿ ಸಾಲು ತುಂಬಿ ನಿಂತಿದ್ದರೆ ನಮ್ಮದು ಅಲ್ಲಲ್ಲಿ ಬೋಳಾಗಿತ್ತು. ತಳಿ ಒಂದೇ, ಮಣ್ಣು ಒಂದೇ, ಗೊಬ್ಬರವೂ ಒಂದೇ. ಸಕಾಲದ ಬಿತ್ತನೆಯ ಬಗ್ಗೆ ಊರೂರು ತಿರುಗಿ ಮಾತನಾಡುವ ನಾನು, ಆ ವರ್ಷ ಬದುವಿನ ಮೇಲೆ ನಿಂತು ಅಣ್ಣನಿಗೆ ಏನನ್ನೂ ಹೇಳಲಾಗಲಿಲ್ಲ.

ಈಗ ಪ್ರತಿ ವರ್ಷ ಉತ್ತರೆ ಮಳೆ ಹೂಡುವ ಮೊದಲು ಅಣ್ಣ ತಾನಾಗಿಯೇ ಟ್ರಾಕ್ಟರಿನ ಬಳಿ ಹೋಗಿ, ಕೀಲಿ ಮುಟ್ಟುವ ಮೊದಲು ಆ ಸಣ್ಣ ಲಿವರನ್ನು ಬೆರಳಿನಿಂದ ತಳ್ಳಿ ನೋಡುತ್ತಾನೆ. ನೀವೂ ಹಾಗೆ ಮಾಡಿ. ಹದ ಬರುವ ಮೊದಲೇ ನಿಮ್ಮ ಯಂತ್ರ ಸಿದ್ಧವಾಗಿರಲಿ.